ಬಾಲಚಕ್ರದ ಪುಟ್ಟ ವಿಮಾನವನ್ನು ನೇರವಾಗಿ ಇಳಿಸುವುದು: ಗ್ರೌಂಡ್ ಲೂಪ್ ತಪ್ಪಿಸಲು ಒಂದು ಮಾರ್ಗದರ್ಶಿ

ಇಂದು ವಿಮಾನ ಹಾರಿಸಲು ಕಲಿಯುವವರಲ್ಲಿ ಬಹುಪಾಲು ಮಂದಿ ಮೊದಲ ಪಾಠಗಳನ್ನು ಸೆಸ್ನಾ 152 ಅಥವಾ 172ರಂತಹ, ಮೂತಿಯ ಕೆಳಗೆ ಚಕ್ರವಿರುವ ವಿಮಾನಗಳಲ್ಲೇ ಕಲಿಯುತ್ತಾರೆ. ಅವರು ಮುಂದೆ ಪೈಪರ್ ಕಬ್, ಸಿಟಾಬ್ರಿಯ, ಸೆಸ್ನಾ 170 ಅಥವಾ 180ರಂತಹ ಬಾಲಚಕ್ರದ ವಿಮಾನಕ್ಕೆ ಬಂದಾಗ ಆಕಾಶದಲ್ಲಿ ಅಂಥ ಹೊಸದೇನೂ ಎದುರಾಗುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಚಕ್ರ ನೆಲಕ್ಕೆ ತಾಗಿದ ಮೇಲೆ. ರನ್‌ವೇ ಮೇಲೆ ಓಡುತ್ತಿರುವ ವಿಮಾನದ ಮೂತಿ ಒಂದು ಪಕ್ಕಕ್ಕೆ ತಿರುಗತೊಡಗಿ, ಆ ತಿರುವು ತಾನಾಗಿಯೇ ಬಿಗಿಯಾಗುತ್ತ ಹೋಗಿ, ಹೊರಬದಿಯ ರೆಕ್ಕೆ ನೆಲಕ್ಕೆ ಬಡಿದು, ಕೆಲವೊಮ್ಮೆ ಒಂದು ಚಕ್ರದ ಕಾಲು ಮುರಿದು, ಬಾಲ ಮುಂದಾಗಿ ವಿಮಾನ ನಿಲ್ಲುವುದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಇದರಲ್ಲಿ ಜೀವಹಾನಿ ಅಪರೂಪ, ಆದರೆ ವಿಮಾನಕ್ಕಾಗುವ ಹಾನಿ ದೊಡ್ಡದು.

ಹಿಂದಿನ ತಲೆಮಾರಿಗೆ ಇದು ಹೊಸ ವಿಷಯವಾಗಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನಕ್ಕೂ, 1958ರಲ್ಲಿ ಹಾರಿ ಮುಂದೆ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದ ಪುಷ್ಪಕ್‌ಗೂ ಬಾಲದಲ್ಲೇ ಚಕ್ರವಿತ್ತು. ಅವುಗಳಲ್ಲಿ ಕಲಿತವರಿಗೆ, ಬಾಲದ ತುದಿಯಲ್ಲಿದ್ದು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಎಂಬ ಫಲಕದ ಪೆಡಲಿನ ಕೆಲಸ ಮೊದಲ ದಿನದಿಂದಲೇ ಮೈಗೂಡುತ್ತಿತ್ತು. ಈಗ ಅದನ್ನು ನಡುವಯಸ್ಸಿನಲ್ಲಿ, ಬೇರೆ ಅಭ್ಯಾಸಗಳು ಬೇರೂರಿದ ಮೇಲೆ ಕಲಿಯಬೇಕಾಗಿದೆ. ಅಮೆರಿಕದಲ್ಲಿ ಹಾರಿಸುವ ಕನ್ನಡಿಗರಿಗೆ ಇದು ಕಾನೂನಿನ ವಿಷಯವೂ ಹೌದು: 1991ರ ಏಪ್ರಿಲ್ 15ಕ್ಕೆ ಮೊದಲು ಬಾಲಚಕ್ರದ ವಿಮಾನದಲ್ಲಿ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿ ಹಾರಿಸಿದವರನ್ನು ಬಿಟ್ಟು ಉಳಿದವರೆಲ್ಲರೂ ತರಬೇತುದಾರರಿಂದ ಪ್ರತ್ಯೇಕ ಅನುಮೋದನೆಯನ್ನು ಲಾಗ್‌ಬುಕ್ಕಿನಲ್ಲಿ ಬರೆಸಿಕೊಳ್ಳಬೇಕು. ಮುಂದಿನ ಬರಹ ಆ ತರಬೇತಿಗೆ ಬದಲಿಯಲ್ಲ. ತರಬೇತುದಾರರ ಪಕ್ಕದಲ್ಲಿ ಕೂರುವ ಮುನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕಾದ ಸಂಗತಿಗಳನ್ನು ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ವಿವರಿಸಿದೆ.

ಮೊದಲು ಕಾರಣ ತಿಳಿಯಿರಿ

ಬಾಲಚಕ್ರದ ವಿಮಾನದಲ್ಲಿ ಎರಡು ಮುಖ್ಯಚಕ್ರಗಳು ಗುರುತ್ವಕೇಂದ್ರಕ್ಕಿಂತ ಮುಂದೆ ಇರುತ್ತವೆ. ವಿಮಾನ ಸಾಗುತ್ತಿರುವ ದಿಕ್ಕಿಗೂ ಅದರ ಮೂತಿ ನೋಡುತ್ತಿರುವ ದಿಕ್ಕಿಗೂ ನಡುವೆ ಸ್ವಲ್ಪ ಕೋನ ಬಿತ್ತೆನ್ನಿ: ಟೈರುಗಳು ನೆಲವನ್ನು ಹಿಡಿದು ಮೂತಿಯ ಕಡೆಗೆ ಎಳೆಯುತ್ತವೆ, ಹಿಂದಿರುವ ಭಾರವೋ ಹಳೆಯ ದಿಕ್ಕಿನಲ್ಲೇ ನುಗ್ಗಲು ನೋಡುತ್ತದೆ. ಈ ಜಗ್ಗಾಟದಲ್ಲಿ ಕೋನ ಇನ್ನಷ್ಟು ಹಿಗ್ಗುತ್ತದೆ. ಮೂತಿಚಕ್ರದ ವಿಮಾನದಲ್ಲಿ ಗುರುತ್ವಕೇಂದ್ರ ಮುಖ್ಯಚಕ್ರಗಳ ಮುಂದಿರುವುದರಿಂದ ಇದೇ ಬಲಗಳು ವಿಮಾನವನ್ನು ನೇರಗೊಳಿಸುತ್ತವೆ. ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರನ್ನು ಹಿಂದಕ್ಕೆ ನಡೆಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಟ್ರೈಲರ್ ಬೆರಳಗಲ ಸೊಟ್ಟಗಾದಾಗಲೇ ಸ್ಟಿಯರಿಂಗ್ ತಿದ್ದಿದರೆ ಸರಿ, ಕಣ್ಣಿಗೆ ಢಾಳಾಗಿ ಕಾಣುವವರೆಗೆ ಕಾದರೆ ಅದು ಮಡಿಚಿಕೊಂಡೇ ನಿಲ್ಲುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯವೇ ಈ ಎರಡರಲ್ಲಿದೆ. ಒಂದು, ನೆಲ ಮುಟ್ಟುವ ಗಳಿಗೆಯಲ್ಲಿ ವಿಮಾನ ಪಕ್ಕಕ್ಕೆ ಸರಿಯುತ್ತಿದ್ದರೆ ಅಥವಾ ಮೂತಿ ಸೊಟ್ಟಗಿದ್ದರೆ, ಕಾಲು ಕೆಲಸ ಆರಂಭಿಸುವ ಮೊದಲೇ ತಿರುವು ಶುರುವಾಗಿರುತ್ತದೆ. ಎರಡು, ತಿದ್ದುವುದಕ್ಕೆ ಇರುವ ಅವಕಾಶವೆಲ್ಲ ಮೊದಲ ಕೆಲವು ಡಿಗ್ರಿಗಳಲ್ಲೇ ಇದೆ. ಆಮೇಲೆ ರಡರಿಗೆ ಆ ಭಾರವನ್ನು ತಡೆಯುವ ಶಕ್ತಿ ಇರುವುದಿಲ್ಲ. ಗ್ರೌಂಡ್ ಲೂಪಿಗೆ ಒಳಗಾದವರನ್ನು ವಿಚಾರಿಸಿದರೆ ಸಾಮಾನ್ಯವಾಗಿ ಹೇಳುವುದು ಕೊನೆಯ ಎರಡು ಸೆಕೆಂಡುಗಳ ಕಥೆ. ಕಾರಣ ಹುಡುಕಬೇಕಾದದ್ದು ಅದಕ್ಕೂ ಮುಂಚೆ.

ಹಾರುವ ಮುನ್ನ ಹ್ಯಾಂಗರಿನಲ್ಲಿ

ಬಾಲಚಕ್ರದ ಬಳಿ ಮಂಡಿಯೂರಿ ಕುಳಿತು ನೋಡಿ. ರಡರಿಗೂ ಬಾಲಚಕ್ರಕ್ಕೂ ಜೋಡಿಸಿರುವ ಸರಪಳಿ ಮತ್ತು ಸ್ಪ್ರಿಂಗುಗಳು ಎರಡೂ ಬದಿಯಲ್ಲಿ ಸಮವಾಗಿವೆಯೇ, ಕೊಕ್ಕೆಗಳು ಸವೆದಿಲ್ಲವೇ, ಬಾಲದ ಪಟ್ಟಿ ಸ್ಪ್ರಿಂಗಿನಲ್ಲಿ ಬಿರುಕಿಲ್ಲವೇ ಎಂದು ಪರೀಕ್ಷಿಸಿ. ಹೆಚ್ಚಿನ ಬಾಲಚಕ್ರಗಳು ಒಂದು ಮಿತಿಯವರೆಗೆ ಪೆಡಲಿನ ಮಾತು ಕೇಳಿ, ಆ ಮಿತಿ ದಾಟಿದರೆ ಕೊಂಡಿ ಕಳಚಿಕೊಂಡು ಸುತ್ತಲೂ ಸ್ವತಂತ್ರವಾಗಿ ತಿರುಗುತ್ತವೆ. ಒಳಗಿನ ಬಿಲ್ಲೆ ಸವೆದಿದ್ದರೆ ಕೊಂಡಿ ಬೇಡವಾದಾಗಲೂ ಕಳಚಿಕೊಳ್ಳಬಹುದು. ಸೆಸ್ನಾ 180, 185ರಂತಹ ಕೆಲವು ವಿಮಾನಗಳಲ್ಲಿ ಬಾಲಚಕ್ರವನ್ನು ನೇರವಾಗಿ ಬಂಧಿಸುವ ಲಾಕ್ ಇರಬಹುದು. ಇದ್ದರೆ ಅದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಕೈಪಿಡಿಯಲ್ಲಿ ಓದಿಕೊಳ್ಳಿ.

ಮುಖ್ಯಚಕ್ರಗಳ ಗಾಳಿಯ ಒತ್ತಡ ಎರಡರಲ್ಲೂ ಒಂದೇ ಇರಬೇಕು, ಬ್ರೇಕುಗಳು ಒಂದೇ ಸಮನೆ ಹಿಡಿಯಬೇಕು. ಚಕ್ರಗಳು ಒಳಮುಖವಾಗಿಯೋ ಹೊರಮುಖವಾಗಿಯೋ ಓರೆಯಾಗಿದ್ದರೆ ಟೈರಿನ ಸವೆತವೇ ಅದನ್ನು ತೋರಿಸುತ್ತದೆ. ಅಂಥ ವಿಮಾನ ಎಷ್ಟು ಚೆನ್ನಾಗಿ ಇಳಿಸಿದರೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಪೈಲಟ್ ತನ್ನ ಕಾಲನ್ನು ದೂರುವ ಬದಲು ಮೆಕ್ಯಾನಿಕ್ಕನ್ನು ಕರೆಯುವುದು ಸರಿ. ಹಿಂದಿನ ಸಾಮಾನು ಜಾಗದಲ್ಲಿ ಎಷ್ಟು ತೂಕವಿದೆ ಎಂಬುದನ್ನೂ ಲೆಕ್ಕ ಹಾಕಿ. ಗುರುತ್ವಕೇಂದ್ರ ಹಿಂದೆ ಸರಿದಷ್ಟೂ ತಿರುವಿನ ಜೋರು ಹೆಚ್ಚುತ್ತದೆ.

ಕಾಲಿನ ವಿಷಯಕ್ಕೂ ಗಮನ ಬೇಕು. ತೆಳುವಾದ ಅಡಿಯ ಶೂ ಧರಿಸಿ, ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಮುಂಭಾಗ ಮಾತ್ರ ಪೆಡಲಿನ ಮೇಲಿರುವಂತೆ ಕೂರಿ. ಬ್ರೇಕು ಪೆಡಲಿನ ತುದಿಯಲ್ಲಿದ್ದರೆ ಪಾದ ಮೇಲೆ ಜಾರಿ ಗೊತ್ತಿಲ್ಲದೆ ಅದನ್ನು ಒತ್ತುವ ಅಪಾಯವಿದೆ. ಕಬ್‌ನಲ್ಲಿರುವಂತೆ ಬ್ರೇಕು ಹಿಮ್ಮಡಿಯ ಕೆಳಗಿದ್ದರೆ ಅಪಾಯ ಹಿಮ್ಮಡಿಯ ಕಡೆಯಿಂದ ಬರುತ್ತದೆ.

ವಿಮಾನ ನಿಂತಿರುವಾಗಲೇ ಇನ್ನೊಂದು ಕೆಲಸ ಮಾಡಿ. ಸಮತಟ್ಟಾದ ನೆಲದ ಮೇಲೆ ಮೂರು ಚಕ್ರಗಳ ಮೇಲೆ ನಿಂತ ಭಂಗಿಯೇ ಮೂರು ಬಿಂದುಗಳ ಲ್ಯಾಂಡಿಂಗಿನ ಭಂಗಿ. ಎಂಜಿನ್ ಹೊದಿಕೆಯ ಅಂಚು ಕ್ಷಿತಿಜವನ್ನು ಎಲ್ಲಿ ಕತ್ತರಿಸುತ್ತದೆ, ಎಡಬಲದಲ್ಲಿ ಎಷ್ಟು ನೆಲ ಕಾಣುತ್ತದೆ ಎಂಬುದನ್ನು ನಿಧಾನವಾಗಿ ನೋಡಿ ಕಣ್ಣಿಗೆ ಒಗ್ಗಿಸಿಕೊಳ್ಳಿ. ನೆಲ ಮುಟ್ಟುವ ಮುನ್ನ ಮೂತಿ ಎತ್ತುತ್ತ ವೇಗ ಇಳಿಸುವ ಫ್ಲೇರ್‌ನ ಕೊನೆಯಲ್ಲಿ ಹುಡುಕಬೇಕಾದ ಚಿತ್ರ ಅದೇ.

ಗಾಳಿಯ ಲೆಕ್ಕ

ರನ್‌ವೇ 09 (ಅಂದರೆ ಸುಮಾರು 90 ಡಿಗ್ರಿ ದಿಕ್ಕಿನದು), ಗಾಳಿ 130 ಡಿಗ್ರಿಯಿಂದ 12 ನಾಟ್ ಎಂದಿದ್ದರೆ ಕೋನ 40 ಡಿಗ್ರಿ, ಅಡ್ಡಗಾಳಿಯ ಪಾಲು ಸುಮಾರು 8 ನಾಟ್. ಕ್ಯಾಲ್ಕುಲೇಟರ್ ಬೇಕಿಲ್ಲ: 30 ಡಿಗ್ರಿಗೆ ಗಾಳಿಯ ಅರ್ಧ, 45ಕ್ಕೆ ಹತ್ತರಲ್ಲಿ ಏಳು ಪಾಲು, 60 ಮತ್ತು ಅದಕ್ಕೂ ಮೇಲೆ ಹೆಚ್ಚುಕಡಿಮೆ ಪೂರ್ತಿ ಎಂದಿಟ್ಟುಕೊಂಡರೆ ಸಾಕು. ಕೈಪಿಡಿಯಲ್ಲಿ ಬರೆದಿರುವ ಅಡ್ಡಗಾಳಿಯ ಅಂಕಿ ಪರೀಕ್ಷಾ ಪೈಲಟ್ ನಿಭಾಯಿಸಿ ತೋರಿಸಿದ ಪ್ರಮಾಣ, ನಿಮಗೆ ಕೊಟ್ಟ ಪರವಾನಗಿಯಲ್ಲ. ಹೊಸಬರು ತರಬೇತುದಾರರೊಂದಿಗೆ ಮಾತಾಡಿ ಅದಕ್ಕಿಂತ ಬಹಳ ಕೆಳಗೆ ತಮ್ಮದೇ ಮಿತಿಯನ್ನು ಇಟ್ಟುಕೊಳ್ಳಬೇಕು. ಹಿಂಗಾಳಿಯಲ್ಲಿ, ಅದು 3 ನಾಟ್ ಇದ್ದರೂ, ಇಳಿಯಲು ಒಪ್ಪಬೇಡಿ. ನೆಲದ ಮೇಲಿನ ವೇಗ ಹೆಚ್ಚುತ್ತದೆ, ಓಟದ ಕೊನೆಯಲ್ಲಿ ರಡರಿನ ಮೇಲೆ ಹರಿಯುವ ಗಾಳಿ ಇನ್ನೂ ಬೇಗ ಇಲ್ಲವಾಗುತ್ತದೆ.

ಹುಲ್ಲಿನ ರನ್‌ವೇ ಲಭ್ಯವಿದ್ದರೆ ಕಲಿಕೆಯನ್ನು ಅಲ್ಲಿ ಆರಂಭಿಸಿ. ಹುಲ್ಲಿನ ಮೇಲೆ ಟೈರು ಸ್ವಲ್ಪ ಪಕ್ಕಕ್ಕೆ ಜಾರಿ ತಪ್ಪನ್ನು ನುಂಗಿಕೊಳ್ಳುತ್ತದೆ. ಒಣಗಿದ ಡಾಂಬರು ಟೈರನ್ನು ಗಟ್ಟಿಯಾಗಿ ಹಿಡಿಯುವುದರಿಂದ ಅದೇ ತಪ್ಪಿಗೆ ಅಲ್ಲಿ ಕ್ಷಮೆ ಇಲ್ಲ.

ಇಳಿಯುವ ಹಾದಿ

ಅಂತಿಮ ಹಾದಿಯಲ್ಲಿ ವೇಗ ಕೈಪಿಡಿ ಹೇಳಿದಷ್ಟಿರಬೇಕು. ಕೈಪಿಡಿಯಲ್ಲಿ ಅಂಕಿ ಇಲ್ಲದಿದ್ದರೆ ಇಳಿಯುವ ಸ್ಥಿತಿಯಲ್ಲಿನ ಸ್ಟಾಲ್ ವೇಗದ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಬಲ್ಲ ಕನಿಷ್ಠ ವೇಗದ) 1.3 ಪಟ್ಟು ಎಂಬುದು ರೂಢಿ. ಗಾಳಿ 10 ನಾಟ್ ಇದ್ದು 18ಕ್ಕೆ ಜಿಗಿಯುತ್ತಿದ್ದರೆ ಆ ವ್ಯತ್ಯಾಸದ ಅರ್ಧ, ಅಂದರೆ 4 ನಾಟ್ ಸೇರಿಸಿ. ಸುರಕ್ಷತೆಗೆಂದು ಅದರ ಮೇಲೂ ಇನ್ನೈದು, ಇನ್ನು ಹತ್ತು ಎಂದು ಕೂಡಿಸುತ್ತ ಹೋಗುವುದು ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. 45 ನಾಟ್‌ಗೆ ಬದಲಾಗಿ 55 ನಾಟ್‌ನಲ್ಲಿ ನೆಲ ಮುಟ್ಟಿದರೆ ವಿಮಾನದ ಚಲನಶಕ್ತಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಮತ್ತು ಆ ಶಕ್ತಿಯನ್ನೆಲ್ಲ ಓಟದಲ್ಲಿ ಕರಗಿಸುವವರೆಗೆ ಕಾಲುಗಳು ದುಡಿಯಬೇಕು.

ಅಡ್ಡಗಾಳಿಯಲ್ಲಿ ದೂರದಿಂದ ಬರುವಾಗ ಮೂತಿಯನ್ನು ಗಾಳಿಯ ಕಡೆಗೆ ಓರೆಯಾಗಿಟ್ಟು ಕ್ರ್ಯಾಬ್ ಮಾಡಿಕೊಂಡು ಬರಬಹುದು. ಆದರೆ ಕಲಿಯುವವರು ಸಾಕಷ್ಟು ಎತ್ತರದಲ್ಲಿಯೇ ಅದನ್ನು ಬಿಟ್ಟು, ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ಬದಿಯ ರಡರಿನಿಂದ ಮೂತಿಯನ್ನು ರನ್‌ವೇಗೆ ನೇರವಾಗಿ ಹಿಡಿಯುವ ಸ್ಲಿಪ್‌ಗೆ ಬರುವುದು ಒಳ್ಳೆಯದು. ಪೂರ್ತಿ ರಡರ್ ಒತ್ತಿದರೂ ಮೂತಿ ನೇರ ನಿಲ್ಲದಿದ್ದರೆ ಆ ಗಾಳಿ ಆ ವಿಮಾನದ ಶಕ್ತಿಗೆ ಮೀರಿದ್ದು ಎಂದು ಅಲ್ಲೇ ತಿಳಿದುಹೋಗುತ್ತದೆ. ಬೇರೆ ರನ್‌ವೇ ಅಥವಾ ಬೇರೆ ಊರು ಹುಡುಕಲು ಆಗ ಸಮಯವೂ ಇರುತ್ತದೆ.

ನೆಲ ಮುಟ್ಟುವುದು

ಮೂರು ಚಕ್ರಗಳನ್ನೂ ಒಟ್ಟಿಗೆ ಇಳಿಸುವ ಮೂರು ಬಿಂದುಗಳ ಲ್ಯಾಂಡಿಂಗ್ ಒಂದು ಬಗೆ, ಮುಖ್ಯಚಕ್ರಗಳನ್ನು ಮಾತ್ರ ಮೊದಲು ಊರಿ ಬಾಲವನ್ನು ಆಮೇಲೆ ಇಳಿಸುವ ವೀಲ್ ಲ್ಯಾಂಡಿಂಗ್ ಇನ್ನೊಂದು. ಯಾವುದು ಮೇಲು ಎಂಬ ವಾದಕ್ಕೆ ಪೈಲಟ್‌ಗಳ ನಡುವೆ ಕೊನೆಯಿಲ್ಲ. ಎರಡನ್ನೂ ಕಲಿಯಬೇಕು, ಆದರೆ ಹೊಸಬರಿಗೆ, ಹಗುರ ವಿಮಾನದಲ್ಲಿ, ಮೊದಲನೆಯದೇ ಮೊದಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೆಲ ಮುಟ್ಟುವಾಗ ವೇಗ ಕಡಿಮೆ ಮತ್ತು ಬಾಲಚಕ್ರ ಆ ಗಳಿಗೆಯಿಂದಲೇ ನೆಲ ಹಿಡಿದಿರುತ್ತದೆ.

ಮೂರು ಬಿಂದುಗಳಿಗೆ ವಿಮಾನವನ್ನು ನೆಲದ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ಹಿಡಿದು, ಥ್ರಾಟಲ್ ಮುಚ್ಚಿ, ವೇಗ ಇಳಿದಂತೆಲ್ಲ ಸ್ಟಿಕ್ಕನ್ನು (ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲನ್ನು) ಹಿಂದಕ್ಕೆ ತರುತ್ತ, ನಿಂತಾಗ ನೋಡಿಟ್ಟುಕೊಂಡ ಆ ಚಿತ್ರ ಮೂಡುವವರೆಗೆ ಇಳಿಯಲು ಬಿಡದೆ ತಡೆಯಿರಿ. ಮೂತಿ ಎದುರಿನ ನೋಟವನ್ನು ಮುಚ್ಚುತ್ತದೆ; ಕಬ್‌ನಂತಹ ವಿಮಾನದಲ್ಲಿ ಒಬ್ಬರೇ ಹಾರಿಸುವವರು ಹಿಂದಿನ ಸೀಟಿನಲ್ಲಿ ಕೂರುವುದರಿಂದ ಇನ್ನೂ ಹೆಚ್ಚು. ಆಗ ತಲೆಯನ್ನು ಒಂದು ಪಕ್ಕಕ್ಕೆ ಚಾಚಿ ನೋಡುವುದು ತಪ್ಪು ಅಭ್ಯಾಸ. ದೃಷ್ಟಿಯನ್ನು ರನ್‌ವೇಯ ದೂರದ ತುದಿಯ ಕಡೆಗೆ ಇಟ್ಟು, ಎಡಬಲದ ಅಂಚುಗಳು ಕಣ್ಣಂಚಿನಲ್ಲಿ ಸಮವಾಗಿ ಕಾಣುತ್ತಿವೆಯೇ ಎಂದು ಗಮನಿಸಬೇಕು. ಹತ್ತಿರದ ನೆಲವನ್ನು ನೋಡುವವರಿಗೆ ಮೂತಿ ತಿರುಗಿದ್ದು ತಡವಾಗಿ ತಿಳಿಯುತ್ತದೆ, ಮತ್ತು ಇಲ್ಲಿ ತಡವೆಂದರೆ ಅರ್ಧ ಸೆಕೆಂಡು.

ಅಡ್ಡಗಾಳಿಯಿದ್ದರೆ ಸ್ಲಿಪ್ಪನ್ನು ಕೊನೆಯವರೆಗೂ ಹಾಗೆಯೇ ಹಿಡಿಯಿರಿ. ಗಾಳಿಯ ಕಡೆಯ ಮುಖ್ಯಚಕ್ರವೂ ಬಾಲಚಕ್ರವೂ ಮೊದಲು ತಾಗಿ ಇನ್ನೊಂದು ಚಕ್ರ ಆಮೇಲೆ ಇಳಿದರೆ ಅದು ಸರಿಯಾದ ಲ್ಯಾಂಡಿಂಗ್. ನೆಲ ತಾಗಿತೆಂದು ರೆಕ್ಕೆಯನ್ನು ಸಮ ಮಾಡಲು ಸ್ಟಿಕ್ಕನ್ನು ನಡುವಿಗೆ ತರುವುದು ಬಹಳ ಸಾಮಾನ್ಯವಾದ, ಬಹಳ ದುಬಾರಿಯಾದ ಪ್ರತಿಕ್ರಿಯೆ.

ವೀಲ್ ಲ್ಯಾಂಡಿಂಗಿನಲ್ಲಿ ಮುಖ್ಯಚಕ್ರಗಳು ಮೆತ್ತಗೆ ತಾಗಿದ ಕ್ಷಣದಲ್ಲಿ ಸ್ಟಿಕ್ಕನ್ನು ಸ್ವಲ್ಪವೇ ಮುಂದಕ್ಕೆ ಒತ್ತಿ ರೆಕ್ಕೆಯ ಕೋನವನ್ನು ತಗ್ಗಿಸಬೇಕು. ವಿಮಾನ ಇನ್ನೂ ಕೆಳಗಿಳಿಯುತ್ತಿರುವಾಗಲೇ ಚಕ್ರ ಬಡಿದರೆ ಬಾಲ ಕುಸಿದು, ರೆಕ್ಕೆಯ ಕೋನ ಹೆಚ್ಚಿ, ವಿಮಾನ ಮತ್ತೆ ಮೇಲೆ ಪುಟಿಯುತ್ತದೆ. ಸಣ್ಣ ಪುಟಿತವಾದರೆ ಭಂಗಿಯನ್ನು ಕಾಯ್ದುಕೊಂಡು, ಬೇಕಾದರೆ ಸ್ವಲ್ಪ ಪವರ್ ಕೊಟ್ಟು ಇಳಿಯಲು ಬಿಡಿ. ದೊಡ್ಡದಾದರೆ ಪೂರ್ತಿ ಪವರ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಏರಿಹೋಗಿ. ಸ್ಟಿಕ್ಕನ್ನು ಹಿಂದೆ ಮುಂದೆ ಆಡಿಸುತ್ತ ಅಟ್ಟಿಸಿಕೊಂಡು ಹೋದರೆ ಪ್ರತಿ ಪುಟಿತವೂ ಹಿಂದಿನದಕ್ಕಿಂತ ಎತ್ತರವಾಗುತ್ತದೆ. ಬಾಲವನ್ನು ಇಳಿಸುವ ಹೊತ್ತು ಈ ವಿಧಾನದ ದುರ್ಬಲ ಗಳಿಗೆ: ವೇಗ ಇಳಿದು ರಡರಿನ ಹಿಡಿತ ಸಡಿಲವಾಗಿರುತ್ತದೆ, ಬಾಲ ತಗ್ಗಿದಂತೆ ವಿಮಾನದ ಒಡಲೇ ರಡರಿಗೆ ಗಾಳಿ ತಪ್ಪಿಸುತ್ತದೆ, ಬಾಲಚಕ್ರ ಇನ್ನೂ ನೆಲ ಹಿಡಿದಿರುವುದಿಲ್ಲ. ಆದ್ದರಿಂದ ಎಲಿವೇಟರಿಗೆ (ಬಾಲವನ್ನು ಏರಿಳಿಸುವ ಫಲಕಕ್ಕೆ) ಶಕ್ತಿ ಇರುವಾಗಲೇ ಬಾಲವನ್ನು ನೀವಾಗಿಯೇ ಇಳಿಸಿ, ತಾನಾಗಿ ಬೀಳಲು ಬಿಡಬೇಡಿ. ಇಳಿದ ಕೂಡಲೇ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಿರಿ.

ಓಟ

ಅಪಾಯ ವೇಗವಿರುವಾಗ ಹೆಚ್ಚೆಂದು ಎಲ್ಲರೂ ಊಹಿಸುತ್ತಾರೆ. ನಿಜವಾಗಿ ವೇಗವಿರುವಾಗ ರಡರ್ ಚೆನ್ನಾಗಿ ಕೆಲಸ ಮಾಡುತ್ತದೆ. ವಿಮಾನ ನಿಧಾನವಾಗಿ, ರಡರ್ ಸತ್ತು, ಬಾಲಚಕ್ರವೊಂದೇ ಆಧಾರವಾಗಿ ಉಳಿದು, ಪೈಲಟ್ ಉಸಿರು ಬಿಟ್ಟು ರೇಡಿಯೋಗೋ ಫ್ಲ್ಯಾಪ್‌ನ ಕಡೆಗೋ ಕೈ ಚಾಚುವ ಹೊತ್ತಿನಲ್ಲಿ ಮೂತಿ ಗಾಳಿಗೆ ತಿರುಗುತ್ತದೆ. ಅಮೆರಿಕದ ನಿಯಮವೂ ಇದನ್ನು ಬಲ್ಲದು: ಬಾಲಚಕ್ರದ ವಿಮಾನದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ ಮಾಡಿರಬೇಕಾದ ಮೂರು ಲ್ಯಾಂಡಿಂಗುಗಳು ಪೂರ್ತಿ ನಿಲ್ಲುವವರೆಗಿನವೇ ಆಗಿರಬೇಕು, ಮುಟ್ಟಿ ಮತ್ತೆ ಏರುವಂಥವು ಲೆಕ್ಕಕ್ಕಿಲ್ಲ. ಹಾಗಾಗಿ ಟ್ಯಾಕ್ಸಿ ವೇಗಕ್ಕೆ ಬಂದು ರನ್‌ವೇ ಬಿಡುವವರೆಗೆ ಫ್ಲ್ಯಾಪ್, ಟ್ರಿಮ್, ರೇಡಿಯೋ ಯಾವುದನ್ನೂ ಮುಟ್ಟಬೇಡಿ.

ಪೆಡಲಿನ ಕೆಲಸ ಚಿಕ್ಕ ಚಿಕ್ಕ ಒತ್ತುಗಳಿಂದ ನಡೆಯಬೇಕು. ಮೂತಿ ಎಡಕ್ಕೆ ಸರಿಯಲು ಶುರುವಾದ ಕೂಡಲೇ ಬಲ ಪೆಡಲನ್ನು ಒತ್ತಿ, ತಿರುವು ನಿಲ್ಲುತ್ತಿದ್ದಂತೆ ಬಿಡಿ; ಮೂತಿ ನೇರಕ್ಕೆ ಮರಳುವವರೆಗೆ ಒತ್ತಿಯೇ ಹಿಡಿದರೆ ಅದು ನೇರವನ್ನು ದಾಟಿ ಬಲಕ್ಕೆ ಹೋಗುತ್ತದೆ, ಆಗ ಎಡ ಪೆಡಲನ್ನು ಇನ್ನೂ ಜೋರಾಗಿ ಒತ್ತಬೇಕಾಗುತ್ತದೆ. ಹೀಗೆ ಎಡಬಲಕ್ಕೆ ಹಿಗ್ಗುತ್ತ ಹೋಗುವ ಓಲಾಟವೇ ಎಷ್ಟೋ ಗ್ರೌಂಡ್ ಲೂಪುಗಳ ಮುನ್ನುಡಿ. ರನ್‌ವೇಯ ನಡುಗೆರೆಗೆ ಮರಳುವ ಹಟವೂ ಬೇಡ. ವಿಮಾನ ಗೆರೆಯಿಂದ ಐದು ಅಡಿ ಪಕ್ಕದಲ್ಲಿ, ಗೆರೆಗೆ ಸಮಾನಾಂತರವಾಗಿ ಓಡುತ್ತಿದ್ದರೆ ಅಲ್ಲೇ ಓಡಲಿ.

ಅಡ್ಡಗಾಳಿಯಲ್ಲಿ ವೇಗ ಇಳಿದಂತೆ, ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಬಾಗುವ ಫಲಕವಾದ ಏಲೆರಾನ್‌ನ ಪ್ರಮಾಣ ಏರುತ್ತ ಹೋಗಿ, ಕೊನೆಗೆ ಸ್ಟಿಕ್ ಗಾಳಿಯ ಕಡೆಗೆ ಪೂರ್ತಿ ವಾಲಿರಬೇಕು. ಇದರಿಂದ ಎರಡು ಲಾಭ. ಗಾಳಿ ಎಡದಿಂದ ಬೀಸುತ್ತಿದ್ದರೆ ಎಡ ರೆಕ್ಕೆ ಮೇಲೇಳುವುದಿಲ್ಲ. ಜೊತೆಗೆ ಬಲ ರೆಕ್ಕೆಯಲ್ಲಿ ಕೆಳಗೆ ಬಾಗಿದ ಏಲೆರಾನ್ ಗಾಳಿಯನ್ನು ಹೆಚ್ಚು ತಡೆದು, ಎಡಕ್ಕೆ ತಿರುಗಲು ನೋಡುವ ಮೂತಿಯನ್ನು ಬಲಕ್ಕೆ ಎಳೆಯುತ್ತದೆ.

ತಿರುವು ಕೈಮೀರುತ್ತಿದ್ದರೆ

ಮೂತಿ ಎಡಕ್ಕೆ ತಿರುಗುತ್ತಿದೆ, ಬಲ ಪೆಡಲ್ ಪೂರ್ತಿ ಹೋಗಿದೆ, ಆದರೂ ನಿಲ್ಲುತ್ತಿಲ್ಲ ಎಂದಾಗ ಕ್ರಮ ಹೀಗೆ. ಬಲ ಪೆಡಲನ್ನು ಬಿಡದೆ ಬಲ ಬ್ರೇಕನ್ನು ಸೇರಿಸಿ, ಬಡಿಯದೆ, ಒತ್ತಡವನ್ನು ಏರಿಸುತ್ತ ಹೋಗಿ. ಎರಡೂ ಬ್ರೇಕುಗಳನ್ನು ಒಮ್ಮೆಗೇ ತುಳಿದರೆ ಬಾಲವೆದ್ದು ವಿಮಾನ ಮೂಗು ಕುಟ್ಟಿ ಮಗುಚಬಹುದು. ಸ್ಟಿಕ್ ಪೂರ್ತಿ ಹಿಂದೆಯೇ ಇರಲಿ, ತಿರುವಿನ ಒಳಕ್ಕೆ, ಅಂದರೆ ಎಡಕ್ಕೆ ವಾಲಲಿ. ನೆಲಕ್ಕೆ ಬಾಗುವ ಹೊರಬದಿಯ ರೆಕ್ಕೆಯನ್ನು ಎತ್ತಲು ಅದೇ ದಾರಿ. ಮುಂದೆ ಜಾಗವಿದ್ದರೆ ಥ್ರಾಟಲನ್ನು ಕ್ಷಣಕಾಲ ತೆರೆದು ಮುಚ್ಚುವುದರಿಂದ ಪ್ರೊಪೆಲ್ಲರಿನ ಗಾಳಿ ರಡರಿಗೆ ಮತ್ತೆ ಜೀವ ಕೊಡಬಲ್ಲದು.

ಗೋ ಅರೌಂಡ್‌ನ ನಿರ್ಧಾರ ಇದಕ್ಕಿಂತ ಬಹಳ ಮೊದಲೇ ಆಗಬೇಕು. ವೇಗ ಇನ್ನೂ ಇದ್ದು, ಮೂತಿ ರನ್‌ವೇಯ ಒಳಗೇ ನೋಡುತ್ತಿದ್ದು, ಮುಂದೆ ದೂರವಿದ್ದರೆ ಪವರ್ ಕೊಟ್ಟು ಏರಿಹೋಗುವುದು ಜಾಣತನ. ಪವರ್ ಕೊಟ್ಟೊಡನೆ ಹೆಚ್ಚಿನ ಅಮೆರಿಕನ್ ಎಂಜಿನ್‌ಗಳ ವಿಮಾನ ಎಡಕ್ಕೆ ಎಳೆಯುತ್ತದೆ ಎಂಬುದು ನೆನಪಿರಲಿ. ಮೂತಿ ಹೊರಗಿನ ಗದ್ದೆಯನ್ನೋ ಹ್ಯಾಂಗರನ್ನೋ ನೋಡುತ್ತಿರುವಾಗ ಪವರ್ ಕೊಡುವುದು ಸಣ್ಣ ಅಪಘಾತವನ್ನು ದೊಡ್ಡದು ಮಾಡಿದಂತೆ. ಆಗ ಥ್ರಾಟಲ್ ಮುಚ್ಚಿ, ಸ್ಟಿಕ್ ಹಿಂದಿಟ್ಟು, ನಿಲ್ಲುವವರೆಗೆ ತಾಳಿಕೊಳ್ಳಿ. ನಿಂತ ಮೇಲೆ ಇಂಧನ ಮತ್ತು ಸ್ವಿಚ್‌ಗಳನ್ನು ಮುಚ್ಚಿ ಹೊರಬನ್ನಿ.

ಆದ ಮೇಲೆ

ರೆಕ್ಕೆಯ ತುದಿ ಸ್ವಲ್ಪ ಗೀಚಿದೆಯಷ್ಟೇ ಎಂದು ಕಂಡರೂ ವಿಮಾನವನ್ನು ಮರಳಿ ಹಾರಿಸಬೇಡಿ. ತುದಿಗೆ ಬಿದ್ದ ಪೆಟ್ಟು ರೆಕ್ಕೆಯ ಭಾರ ಹೊರುವ ಒಳತೊಲೆಯಾದ ಸ್ಪಾರ್‌ವರೆಗೆ ಹೋಗಿರಬಹುದು. ಉಕ್ಕಿನ ಕೊಳವೆಗಳಿಗೆ ಬಟ್ಟೆ ಹೊದಿಸಿದ ವಿಮಾನಗಳಲ್ಲಿ ಚಕ್ರದ ಕಾಲು ಒಡಲಿಗೆ ಸೇರುವ ಬೆಸುಗೆಗಳು ಬಾಗಿರಬಹುದು, ಅದು ಹೊದಿಕೆಯ ಹೊರಗಿನಿಂದ ಕಾಣುವುದಿಲ್ಲ. ಎಂಜಿನ್ ಓಡುತ್ತಿರುವಾಗ ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಎಂಜಿನ್ ತಯಾರಕರ ಸೂಚನೆಯಂತೆ ಒಳಭಾಗದ ತಪಾಸಣೆ ಆಗಲೇಬೇಕು. ಭಾರತದಲ್ಲಿ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಗೆ ವರದಿ ಮಾಡುವ ಹೊಣೆಯನ್ನು ಕ್ಲಬ್ಬಿನ ಮೇಲೆ ಬಿಟ್ಟು ಸುಮ್ಮನಾಗದೆ, ವರದಿ ಹೋಗಿದೆಯೇ ಎಂದು ಪೈಲಟ್ ಖಚಿತಪಡಿಸಿಕೊಳ್ಳಬೇಕು.

ಅಮೆರಿಕದಲ್ಲಿ ಸಾರಿಗೆ ಅಪಘಾತಗಳ ತನಿಖೆ ನಡೆಸುವ ಎನ್‌ಟಿಎಸ್‌ಬಿ ನಿಯಮದಲ್ಲಿ ಗಂಭೀರ ಹಾನಿಯ ವ್ಯಾಖ್ಯೆಯಿಂದ ಚಕ್ರದ ಕಾಲು, ಟೈರು, ಬ್ರೇಕು, ರೆಕ್ಕೆಯ ತುದಿ, ನೆಲಕ್ಕೆ ತಾಗಿದ ಪ್ರೊಪೆಲ್ಲರ್ ಇವುಗಳನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಎಷ್ಟೋ ಗ್ರೌಂಡ್ ಲೂಪುಗಳು ಅಪಘಾತಗಳ ಪಟ್ಟಿಗೆ ಸೇರುವುದೇ ಇಲ್ಲ. ಹಳೆಯ ಬಾಲಚಕ್ರದ ವಿಮಾನವನ್ನು ಕೊಳ್ಳುವವರು ಈ ಕಾರಣಕ್ಕೆ ಅಪಘಾತದ ದಾಖಲೆಯಲ್ಲಿ ಹೆಸರಿಲ್ಲ ಎಂಬ ಮಾತನ್ನಷ್ಟೇ ನಂಬದೆ, ದುರಸ್ತಿಯ ಪುಸ್ತಕದಲ್ಲಿ ರೆಕ್ಕೆಯ ತುದಿ, ಸ್ಪಾರ್ ಮತ್ತು ಚಕ್ರದ ಕಾಲಿನ ಜೋಡಣೆಗೆ ಯಾವಾಗ ಕೆಲಸ ನಡೆದಿದೆ ಎಂದು ಪುಟಪುಟವಾಗಿ ನೋಡಿ, ಆ ಭಾಗಗಳನ್ನು ತಿಳಿದವರಿಂದ ತೆರೆಸಿ ಪರೀಕ್ಷಿಸಬೇಕು.